ಕೆಂಪು ಚುಕ್ಕಿ ಮತ್ತು ಅವ್ವನ ಮೂಗುತಿ: ಫೋನ್ ಕ್ಯಾಮೆರಾದ ಹಾಟ್ ಪಿಕ್ಸೆಲ್, ನಾಯ್ಸ್ ಕಥೆ



ಇವತ್ತಿನ ಮಾತು ಶುರುವಾಗೋದು ಒಂದು ಫೋಟೋದಿಂದ. ಒಂದು ದೀಪಾವಳಿಗೆ ಪುಣೆಯಿಂದ ಧಾರವಾಡಕ್ಕೆ ಹೋಗಿದ್ದೆ. ಸಂಜೆ ಅಂಗಳದ ಕಟ್ಟೆ ಮೇಲೆ ಅವ್ವ ಹಣತೆ ಹಚ್ಚಿ ಕೂತಿದ್ದಳು. ಮನೆಯ ಲೈಟೆಲ್ಲ ಆರಿಸಿ, ಅಂಗಳದ ಇನ್ನೊಂದು ತುದಿಯಿಂದ ಒಂದು ಫೋಟೋ ತೆಗೆದೆ. ಫೋನನ್ನ ಕಾಂಪೌಂಡ್ ಗೋಡೆಗೆ ಒರಗಿಸಿ, ಪ್ರೊ ಮೋಡ್ ಹಾಕಿ, ಕಾಲು ಸೆಕೆಂಡಿನ ಎಕ್ಸ್‌ಪೋಜರ್ ಇಟ್ಟಿದ್ದೆ. ನನಗೆ ಈ ಹುಚ್ಚು ಇರೋದರಿಂದ ರಾ ಫೈಲನ್ನೂ ಉಳಿಸಿದ್ದೆ. ರಾ ಅಂದ್ರೆ ಫೋನು ಇನ್ನೂ ಪಾಲಿಶ್ ಮಾಡದ, ಸೆನ್ಸರ್ ಕೊಟ್ಟ ಹಸಿ ಡೇಟಾ.

ಪುಣೆಗೆ ಬಂದು ಫೋಟೋನ ಅಕ್ಕನಿಗೆ ಕಳಿಸಿದೆ. ಐದು ನಿಮಿಷಕ್ಕೆ ಫೋನ್ ಬಂತು: "ತಮ್ಮಾ, ಭಾಳ ಚಂದ ಬಂದೈತಿ. ಆದ್ರ ಹಿಂದ ಗ್ವಾಡಿ ಮ್ಯಾಲ ಕೆಂಪನ್ನ ಚುಕ್ಕಿ ಐತಲ್ಲ, ಏನದು?"

ಜೂಮ್ ಮಾಡಿ ನೋಡಿದೆ. ಹೌದು, ಕತ್ತಲ ಗೋಡೆಯ ಮೇಲೆ ಸೂಜಿ ಮೊನೆಯಷ್ಟು ಕೆಂಪು ಚುಕ್ಕಿ. ಅಂಥವೇ ಇನ್ನೂ ಏಳೆಂಟು, ಒಂದೆರಡು ನೀಲಿ. ಜೊತೆಗೆ ಇಡೀ ಗೋಡೆಯ ಮೇಲೆ ರವೆ ಉದುರಿಸಿದ ಹಾಗೆ ಕಾಳುಕಾಳು.

ಇವೆರಡೂ ಬೇರೆ ಬೇರೆ ರೋಗ. ಆ ಚುಕ್ಕಿ ಹಾಟ್ ಪಿಕ್ಸೆಲ್. ಆ ರವೆ ನಾಯ್ಸ್. ಕಾರಣ ಬೇರೆ, ಔಷಧಿನೂ ಬೇರೆ. ಒಂದರ ಔಷಧಿ ಇನ್ನೊಂದಕ್ಕೆ ಕೊಟ್ರೆ ಏನಾಗುತ್ತೆ ಅನ್ನೋದನ್ನ ನಾನು ಹೇಗೆ ಕಲಿತೆ ಅಂತ ಆಮೇಲೆ ಹೇಳ್ತೀನಿ.

ಮೊದಲು ಸೆನ್ಸರ್ ಏನು ಮಾಡುತ್ತೆ ನೋಡೋಣ. ಮಳೆ ಬರುವಾಗ ಅಂಗಳದ ತುಂಬ ಸಾಲಾಗಿ ಬಟ್ಟಲು ಜೋಡಿಸಿದ್ದೀರಿ ಅಂದುಕೊಳ್ಳಿ. ಹತ್ತು ನಿಮಿಷ ಆದಮೇಲೆ ಪ್ರತಿ ಬಟ್ಟಲಲ್ಲಿ ಎಷ್ಟು ನೀರು ಬಿತ್ತು ಅಂತ ಅಳೀತೀರಿ. ಸೆನ್ಸರ್ ಮಾಡೋದೂ ಇದೇ ಕೆಲಸ. ಬಟ್ಟಲು ಅಂದ್ರೆ ಪಿಕ್ಸೆಲ್, ಮಳೆ ಹನಿ ಅಂದ್ರೆ ಬೆಳಕಿನ ಕಣ ಫೋಟಾನ್. ಫೋಟಾನ್ ಸಿಲಿಕಾನಿಗೆ ಬಡಿದಾಗ ಒಂದು ಎಲೆಕ್ಟ್ರಾನ್ ಬಿಡುಗಡೆಯಾಗುತ್ತೆ. ಎಕ್ಸ್‌ಪೋಜರ್ ಮುಗಿದಾಗ ಪ್ರತಿ ಪಿಕ್ಸೆಲ್ಲಿನಲ್ಲಿ ಎಷ್ಟು ಎಲೆಕ್ಟ್ರಾನ್ ಕೂಡಿದೆ ಅಂತ ಚಿಪ್ಪು ಎಣಿಸುತ್ತೆ. ಫೋಟೋ ಅಂದ್ರೆ ಆ ಎಣಿಕೆಯ ಪಟ್ಟಿ, ಅಷ್ಟೇ.

ಆದ್ರೆ ಈ ಬಟ್ಟಲಿಗೆ ಬಣ್ಣ ಗೊತ್ತಾಗೋದಿಲ್ಲ. ಅದಕ್ಕೇ ಪ್ರತಿ ಪಿಕ್ಸೆಲ್ ಮೇಲೆ ಒಂದು ಬಣ್ಣದ ಗಾಜು ಇರುತ್ತೆ: ಒಂದು ಸಾಲಿನಲ್ಲಿ ಕೆಂಪು, ಹಸಿರು, ಕೆಂಪು, ಹಸಿರು; ಮುಂದಿನ ಸಾಲಿನಲ್ಲಿ ಹಸಿರು, ನೀಲಿ, ಹಸಿರು, ನೀಲಿ. ಕೊಡ್ಯಾಕ್ ಕಂಪನಿಯ ಬ್ರೈಸ್ ಬೇಯರ್ ಎಂಬುವರ ಐಡಿಯಾ ಇದು, 1976ರಲ್ಲಿ ಪೇಟೆಂಟ್ ಸಿಕ್ಕಿತು. ಈ ಜೋಡಣೆಯನ್ನ ನೆನಪಿಟ್ಟುಕೊಳ್ಳಿ, ಕಥೆಯ ಮುಖ್ಯ ತಿರುವು ಇಲ್ಲೇ ಇದೆ.

ಈಗ ರವೆಯ ವಿಷಯ. ಮಳೆ ಒಂದೇ ಸಮ ಬರ್ತಿದ್ರೂ ಎಲ್ಲ ಬಟ್ಟಲಿಗೂ ಅಷ್ಟಷ್ಟೇ ಹನಿ ಬೀಳಲ್ಲ. ಒಂದಕ್ಕೆ ನಾಲ್ಕು ಹನಿ ಹೆಚ್ಚು, ಪಕ್ಕದ್ದಕ್ಕೆ ಮೂರು ಕಡಿಮೆ. ಬೆಳಕೂ ಹಾಗೇ. ಸರಾಸರಿ 2500 ಫೋಟಾನ್ ಬೀಳೋ ಕಡೆ ಏರಿಳಿತ ಅದರ ವರ್ಗಮೂಲದಷ್ಟು, ಅಂದ್ರೆ ಸುಮಾರು 50. ಇದು 2 ಪರ್ಸೆಂಟ್, ಕಣ್ಣಿಗೆ ಗೊತ್ತೇ ಆಗಲ್ಲ. ಆದ್ರೆ ಹಣತೆ ಬೆಳಕಿನ ಮೂಲೆಯಲ್ಲಿ ಬರೀ 25 ಫೋಟಾನ್ ಬಿದ್ರೆ ಏರಿಳಿತ 5. ಇದು 20 ಪರ್ಸೆಂಟ್. ಅದೇ ರವೆ. ಇಂಗ್ಲಿಷಿನಲ್ಲಿ ಶಾಟ್ ನಾಯ್ಸ್ ಅಂತಾರೆ.

ಇಲ್ಲಿ ಒಂದು ಮಾತು ಗಮನಿಸಿ. ಇದು ಕ್ಯಾಮೆರಾದ ತಪ್ಪಲ್ಲ. ಜಗತ್ತಿನ ಅತ್ಯುತ್ತಮ ಸೆನ್ಸರ್ ತಂದ್ರೂ ಈ ಏರಿಳಿತ ಇರುತ್ತೆ, ಯಾಕಂದ್ರೆ ಬೆಳಕು ಬರೋದೇ ಹಾಗೆ. ಮತ್ತೆ ಫೋನಿನಲ್ಲೇ ಯಾಕೆ ಜಾಸ್ತಿ ಕಾಣುತ್ತೆ? ಬಟ್ಟಲು ಚಿಕ್ಕದು, ಅದಕ್ಕೆ. ಫೋನಿನ ಪಿಕ್ಸೆಲ್ ಅಗಲ ಸುಮಾರು ಒಂದು ಮೈಕ್ರಾನ್. ದೊಡ್ಡ ಕ್ಯಾಮೆರಾದಲ್ಲಿ ಆರು ಮೈಕ್ರಾನ್ ಇದ್ರೆ ಅದರ ಬಾಯಿ 36 ಪಟ್ಟು ದೊಡ್ಡದು.

ಇನ್ನೊಂದು ತಪ್ಪು ತಿಳುವಳಿಕೆ: "ಐಎಸ್‌ಓ ಜಾಸ್ತಿ ಮಾಡಿದ್ರೆ ನಾಯ್ಸ್ ಬರುತ್ತೆ." ಐಎಸ್‌ಓ ಅಂದ್ರೆ ರೇಡಿಯೋದ ವಾಲ್ಯೂಮ್ ಇದ್ದ ಹಾಗೆ. ಸಿಗ್ನಲ್ ವೀಕ್ ಇದ್ದಾಗ ವಾಲ್ಯೂಮ್ ಏರಿಸಿದ್ರೆ ಹಾಡಿನ ಜೊತೆ ಗೊರಗೊರ ಸದ್ದೂ ಏರುತ್ತೆ. ಗೊರಗೊರ ಹುಟ್ಟಿದ್ದು ವಾಲ್ಯೂಮಿನಿಂದಲ್ಲ, ಸಿಗ್ನಲ್ ಕಡಿಮೆ ಇದ್ದದ್ದರಿಂದ. ಇಲ್ಲಿ ಸಿಗ್ನಲ್ ಅಂದ್ರೆ ಬೆಳಕು.

ಇನ್ನು ಆ ಕೆಂಪು ಚುಕ್ಕಿ. ಬಟ್ಟಲಿನ ಲೆಕ್ಕದಲ್ಲೇ ಹೇಳೋದಾದ್ರೆ, ಮಳೆ ಇಲ್ಲದೇ ಇದ್ರೂ ತಾನೇ ತುಂಬೋ ಬಟ್ಟಲು ಅದು. ಸಿಲಿಕಾನ್ ಬಿಸಿಯಾದಾಗ, ಬೆಳಕು ಇಲ್ಲದೆ ಬರೀ ಶಾಖದಿಂದಲೇ ಕೆಲವು ಎಲೆಕ್ಟ್ರಾನ್ ಕಳಚಿಕೊಳ್ಳುತ್ತವೆ. ಇದು ಡಾರ್ಕ್ ಕರೆಂಟ್. ಎಲ್ಲ ಪಿಕ್ಸೆಲ್ಲಿನಲ್ಲೂ ಸ್ವಲ್ಪ ಇದ್ದೇ ಇರುತ್ತೆ. ಆದ್ರೆ ಸಿಲಿಕಾನಿನ ಹರಳಿನಲ್ಲಿ ಒಂದು ಅಣು ಜಾಗ ತಪ್ಪಿದ್ರೆ, ಅಥವಾ ಬೇರೆ ಲೋಹದ ಅಣು ಬಂದು ಸೇರಿಕೊಂಡಿದ್ರೆ, ಅಲ್ಲಿ ಸೋರಿಕೆ ವಿಪರೀತ ಆಗುತ್ತೆ. ಅದೇ ಹಾಟ್ ಪಿಕ್ಸೆಲ್. ಅದರ ಮೇಲೆ ಕೆಂಪು ಗಾಜು ಇದ್ರೆ ಚುಕ್ಕಿ ಕೆಂಪು, ನೀಲಿ ಗಾಜು ಇದ್ರೆ ನೀಲಿ. ಕತ್ತಲಲ್ಲೇ ಯಾಕೆ ಕಾಣುತ್ತೆ? ಹಗಲಲ್ಲಿ ಬೆಳಕಿನ ಮಳೆ ಜೋರು, ಎಕ್ಸ್‌ಪೋಜರ್ ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ. ಸೋರಿಕೆಗೆ ಟೈಮೇ ಸಿಗಲ್ಲ.

ಡಾರ್ಕ್ ಕರೆಂಟು ಸುಮಾರು ಆರರಿಂದ ಎಂಟು ಡಿಗ್ರಿಗೊಮ್ಮೆ ಎರಡು ಪಟ್ಟಾಗುತ್ತೆ. 25 ಡಿಗ್ರಿಯ ಫೋನು 45 ಡಿಗ್ರಿಗೆ ಏರಿದ್ರೆ ಸೋರಿಕೆ ಹೆಚ್ಚುಕಡಿಮೆ ಏಳು ಪಟ್ಟು. ಆ ದೀಪಾವಳಿಯ ಸಂಜೆ ನಾನು ಏನು ಮಾಡಿದ್ದೆ ಗೊತ್ತಾ? ಫೋನನ್ನ ಚಾರ್ಜಿಗೆ ಹಾಕಿ ಅರ್ಧ ಗಂಟೆ ವಿಡಿಯೋ ಕಾಲ್ ಮಾಡಿ, ಹಾಗೇ ಬಿಸಿಬಿಸಿ ಫೋನು ತಗೊಂಡು ಅಂಗಳಕ್ಕೆ ಹೋಗಿದ್ದೆ.

ಹಾಟ್ ಪಿಕ್ಸೆಲ್ ಇದ್ರೆ ಫೋನು ಕೆಟ್ಟಿದೆ ಅಂತ ಅಲ್ಲ. ನನ್ನ ಹಳೇ ಫೋನಿನದು 12 ಮೆಗಾಪಿಕ್ಸೆಲ್, ಅಂದ್ರೆ 1.2 ಕೋಟಿ ಪಿಕ್ಸೆಲ್. ಲಕ್ಷಕ್ಕೆ ಒಂದು ಕೆಟ್ಟಿದ್ರೂ 120 ಆಯ್ತು. ಫ್ಯಾಕ್ಟರಿಯಲ್ಲೇ ಇವುಗಳ ಪಟ್ಟಿ ಮಾಡಿ ಮುಚ್ಚುವ ವ್ಯವಸ್ಥೆ ಇರುತ್ತೆ. ಆದ್ರೆ ವಯಸ್ಸಾದ ಹಾಗೆ ಹೊಸವು ಹುಟ್ಟುತ್ತವೆ. ಅದಕ್ಕೆ ಒಂದು ಕಾರಣ ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣ. ಹಬಲ್ ದೂರದರ್ಶಕಕ್ಕಂತೂ ವಾತಾವರಣದ ಛತ್ರಿನೇ ಇಲ್ಲ, ಅಲ್ಲಿ ದಿನಾ ಹೊಸ ಹಾಟ್ ಪಿಕ್ಸೆಲ್. ಅದಕ್ಕೇ ಸರಿಸುಮಾರು ತಿಂಗಳಿಗೊಮ್ಮೆ ಅದರ ತಣ್ಣನೆಯ ಸೆನ್ಸರನ್ನ ಬೇಕಂತಲೇ ಬೆಚ್ಚಗೆ ಮಾಡ್ತಾರೆ. ಆಗ ಹರಳಿನ ಎಷ್ಟೋ ಗಾಯಗಳು ತಾವೇ ಮಾಯುತ್ತವೆ.

ಈಗ ನನ್ನ ತಪ್ಪಿನ ಕಥೆಗೆ ಬರ್ತೀನಿ.

ಅಕ್ಕ ಚುಕ್ಕಿ ತೋರಿಸಿದ ಮೇಲೆ ನನ್ನೊಳಗಿನ ಇಂಜಿನಿಯರ್ ಎದ್ದ. ಭಾನುವಾರ ಕೂತು ನಲವತ್ತು ಸಾಲಿನ ಒಂದು ಪೈಥಾನ್ ಸ್ಕ್ರಿಪ್ಟ್ ಬರೆದೆ. ಲಾಜಿಕ್ ಸಿಂಪಲ್: ಒಂದೊಂದು ಪಿಕ್ಸೆಲ್ಲನ್ನೂ ಅದರದೇ ಬಣ್ಣದ ಎಂಟು ನೆರೆಹೊರೆಯವರ ಜೊತೆ ಹೋಲಿಸು. ಎಲ್ಲರಿಗಿಂತ ತುಂಬಾ ಜೋರಾಗಿ ಹೊಳೀತಿದ್ರೆ ಅದು ಸುಳ್ಳು. ಅದನ್ನ ತೆಗೆದು ನೆರೆಯವರ ಮಧ್ಯಮ ಬೆಲೆ ಹಾಕು. ಫೋನಿನೊಳಗಿನ ಚಿಪ್ಪೂ ಹೆಚ್ಚುಕಡಿಮೆ ಇಂಥದೇ ಕೆಲಸ ಮಾಡುತ್ತೆ. ರನ್ ಮಾಡಿದೆ, ಕೆಂಪು ಚುಕ್ಕಿ ಮಾಯ! ನಾಯ್ಸನ್ನೂ ತುಸು ಒರೆಸಿ, ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ, ಯುಗಾದಿಗೆ ಊರಿಗೆ ಒಯ್ದೆ.

ಅವ್ವ ಕನ್ನಡಕ ಹಾಕ್ಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು: "ನನ್ನ ಮೂಗುತಿ ಎಲ್ಲಿ ಹೋತೋ?"

ನೋಡಿದ್ರೆ ಮೂಗಿನ ಮೇಲೆ ಏನೂ ಇಲ್ಲ. ಬರೀ ಚರ್ಮ, ಅದೂ ಮೇಣ ಸವರಿದ ಹಾಗೆ ನುಣ್ಣಗೆ. ನಾನು "ಅಷ್ಟು ದೂರದಿಂದ ಕಾಣಿಸಿಲ್ಲ ಬಿಡವ್ವ" ಅಂದೆ. ಅವ್ವ ಅಂದಳು, "ಹಂಗಲ್ಲೋ. ಫೋನಿನ್ಯಾಗ ಇತ್ತು. ಅವತ್ತ ನಿಮ್ಮಕ್ಕ ತೋರಿಸಿದಾಗ ಹೊಳೀತಿತ್ತು. ನಮ್ಮವ್ವಂದು ಅಂತ ನನ್ನ ಕಡೆ ಇರೂದು ಅದೊಂದ."

ಅಷ್ಟೇ ಅಂದಳು, ಜಗಳ ಏನೂ ಮಾಡಲಿಲ್ಲ. ಫ್ರೇಮನ್ನ ಗೋಡೆಗೆ ಹಾಕಿಸಿದಳು ಕೂಡ. ಆದ್ರೆ ನನಗೆ ಒಬ್ಬಟ್ಟು ಗಂಟಲಲ್ಲಿ ಇಳೀಲಿಲ್ಲ.

ವಾಪಸ್ ಬಂದು ರಾ ಫೈಲ್ ತೆಗೆದೆ. ಮೂಗುತಿಯ ಹರಳು ಅಲ್ಲಿ ಸ್ಪಷ್ಟವಾಗಿ ಇತ್ತು, ಹಣತೆ ಬೆಳಕು ಹೊಡೆದು ಮಿಂಚಿದ ಒಂದು ಬಿಂದು. ಅಗಲ ಎರಡು ಪಿಕ್ಸೆಲ್, ಎತ್ತರ ಎರಡು ಪಿಕ್ಸೆಲ್. ಒಟ್ಟು ನಾಲ್ಕು. ಹಾಟ್ ಪಿಕ್ಸೆಲ್ ಒಂಟಿ, ಇದು ನಾಲ್ಕು. ಹಾಗಾದ್ರೆ ನನ್ನ ಸ್ಕ್ರಿಪ್ಟ್ ಇದನ್ನ ಯಾಕೆ ತಿಂದುಹಾಕಿತು?

ಬೇಯರ್ ಜೋಡಣೆ ನೆನಪಿದೆಯಲ್ಲ. ಆ ನಾಲ್ಕರಲ್ಲಿ ಒಂದು ಕೆಂಪು, ಒಂದು ನೀಲಿ, ಎರಡು ಹಸಿರು. ಕೆಂಪು ಪಿಕ್ಸೆಲ್ಲಿಗೆ ತನ್ನದೇ ಬಣ್ಣದ ನೆರೆಯವರು ಇರೋದು ಪಕ್ಕದಲ್ಲಲ್ಲ, ಒಂದು ಮನೆ ಬಿಟ್ಟು. ಅವರೆಲ್ಲ ಆ ಮಿಂಚಿನ ಹೊರಗಿದ್ದರು, ಕತ್ತಲಲ್ಲಿ. ಹಸಿರನ್ನೂ ನಾನು ಒಂದು ಮನೆ ಬಿಟ್ಟೇ ಹೋಲಿಸಿದ್ದೆ. ಹೀಗಾಗಿ ನಾಲ್ಕೂ ಪಿಕ್ಸೆಲ್ ಒಂದೊಂದಾಗಿ "ನಾನೊಬ್ಬನೇ ಹೊಳೀತಿದ್ದೀನಿ" ಅಂತ ಸಿಕ್ಕಿಬಿದ್ದವು. ಪಕ್ಕದಲ್ಲೇ ಸಾಕ್ಷಿ ಇದ್ದರೂ ನನ್ನ ಕೋಡು ಅವರನ್ನ ಕೇಳಲೇ ಇಲ್ಲ. ರಾತ್ರಿ ಆಕಾಶದ ಫೋಟೋ ತೆಗೆಯೋರಿಗೆ ಈ ಕಾಟ ಗೊತ್ತು, ಕ್ಯಾಮೆರಾದ ಫಿಲ್ಟರ್ರು ಸಣ್ಣ ನಕ್ಷತ್ರಗಳನ್ನೇ ನುಂಗಿಬಿಡುತ್ತೆ.

ಇಲ್ಲಿ ನನಗೆ ಅರ್ಥ ಆಗಿದ್ದು ಇಷ್ಟು: ಒಂದೇ ಫೋಟೋ ನೋಡಿ ನಿಜವಾದ ಹೊಳಪು ಯಾವುದು, ಸುಳ್ಳು ಹೊಳಪು ಯಾವುದು ಅಂತ ಖಚಿತವಾಗಿ ಹೇಳೋಕಾಗಲ್ಲ. ಇನ್ನೊಂದು ಫೋಟೋ ಬೇಕು, ಅದೂ ಕತ್ತಲೆಯದು.

ಅದೇ ಫೋನನ್ನ ಮತ್ತೆ ಚಾರ್ಜಿಗೆ ಹಾಕಿ, ವಿಡಿಯೋ ಓಡಿಸಿ ಬಿಸಿ ಮಾಡಿದೆ. ಲೆನ್ಸಿನ ಮೇಲೆ ಕಪ್ಪು ಬಟ್ಟೆ ಮಡಚಿ ಕಟ್ಟಿ, ಅದೇ ಐಎಸ್‌ಓ, ಅದೇ ಕಾಲು ಸೆಕೆಂಡು ಇಟ್ಟು ಇಪ್ಪತ್ತು ಫೋಟೋ ತೆಗೆದೆ. ಇವಕ್ಕೆ ಡಾರ್ಕ್ ಫ್ರೇಮ್ ಅಂತಾರೆ. ಇಪ್ಪತ್ತರಲ್ಲೂ ಅದೇ ಜಾಗದಲ್ಲಿ ಅದೇ ಕೆಂಪು ಚುಕ್ಕಿ. ಬೆಳಕೇ ಇಲ್ಲದ ಕಡೆ ಹೊಳೀತಿದೆ ಅಂದ್ರೆ ಅದು ಸುಳ್ಳು ಅಂತ ರುಜುವಾತಾಯ್ತು. ಮೂಗುತಿ ಇದ್ದ ಜಾಗದಲ್ಲಿ? ಪೂರಾ ಕತ್ತಲೆ. ಅಂದ್ರೆ ಅದು ನಿಜ. ಆ ಪಟ್ಟಿಯಲ್ಲಿರೋ ಪಿಕ್ಸೆಲ್ಲುಗಳನ್ನ ಮಾತ್ರ ಸರಿಮಾಡಿ, ಉಳಿದದ್ದನ್ನ ಮುಟ್ಟದೆ ಬಿಟ್ಟೆ. ಚುಕ್ಕಿ ಹೋಯ್ತು, ಮೂಗುತಿ ಉಳೀತು.

ರವೆಯನ್ನ ಮಾತ್ರ ಈ ಸಲ ಹಾಗೇ ಬಿಟ್ಟೆ. ಯಾಕಂದ್ರೆ ರವೆಗೆ ಡಾರ್ಕ್ ಫ್ರೇಮ್ ಔಷಧಿ ಅಲ್ಲ. ಅದು ಪ್ರತಿ ಸಲ ಬೇರೆ ಬೇರೆ ಕಡೆ ಬೀಳುತ್ತೆ. ಅದಕ್ಕಿರೋ ಪ್ರಾಮಾಣಿಕ ಔಷಧಿ ಒಂದೇ, ಹೆಚ್ಚು ಬೆಳಕು ಕೂಡಿಸೋದು. ನಿಮ್ಮ ಫೋನಿನ ನೈಟ್ ಮೋಡ್ ಮಾಡೋದು ಅದನ್ನೇ: ಬೇಗಬೇಗ ಹಲವು ಫೋಟೋ ತೆಗೆದು, ಒಂದರ ಮೇಲೊಂದು ಸರಿಯಾಗಿ ಕೂರಿಸಿ, ಸರಾಸರಿ ತೆಗೆಯುತ್ತೆ. 4 ಫೋಟೋ ಸೇರಿಸಿದ್ರೆ ನಾಯ್ಸ್ ಅರ್ಧ, 16 ಸೇರಿಸಿದ್ರೆ ಕಾಲು ಭಾಗ. ನಿಮ್ಮ ಕೈ ತುಸು ನಡುಗಿದ್ರೂ ಇಲ್ಲಿ ಲಾಭವೇ. ದೃಶ್ಯ ಸರಿಯುತ್ತೆ, ಹಾಟ್ ಪಿಕ್ಸೆಲ್ ಸರಿಯಲ್ಲ. ಹೀಗಾಗಿ ಅದು ಒಂಟಿಯಾಗಿ ಸಿಕ್ಕಿಬೀಳುತ್ತೆ. ನನ್ನ ಹತ್ತಿರ ಇದ್ದದ್ದು ಒಂದೇ ಫೋಟೋ. ಒಂದೇ ಫೋಟೋದಿಂದ ರವೆ ತೆಗೆಯೋದು ಅಂದ್ರೆ ಅಕ್ಕಪಕ್ಕದ್ದನ್ನ ನೋಡಿ ಊಹೆ ಮಾಡೋದು. ಚರ್ಮ ಮೇಣದ ಹಾಗಾಗೋದು ಆ ಊಹೆಯಿಂದ. ಕೆಲವು ಸಾಫ್ಟ್‌ವೇರ್ ಇನ್ನೂ ಮುಂದೆ ಹೋಗಿ ಇಲ್ಲದ ಕೂದಲೆಳೆ, ಇಲ್ಲದ ಅಕ್ಷರದ ಗೆರೆಗಳನ್ನೂ ಬರೆದುಬಿಡುತ್ತವೆ.

ನಾಯ್ಸಿಗೆ ಉಪಯೋಗವೂ ಇದೆ. ಯಾವ ಎರಡು ಸೆನ್ಸರಿನ ಪಿಕ್ಸೆಲ್ಲುಗಳೂ ಬೆಳಕಿಗೆ ಒಂದೇ ಥರ ಸ್ಪಂದಿಸಲ್ಲ. ಆ ಸಣ್ಣ ವ್ಯತ್ಯಾಸದ ಮಾದರಿ ಪ್ರತಿ ಫೋಟೋದಲ್ಲೂ ಉಳಿದಿರುತ್ತೆ. 2006ರಲ್ಲಿ ಜೆಸ್ಸಿಕಾ ಫ್ರಿಡ್ರಿಚ್ ಮತ್ತು ಸಂಗಡಿಗರು ಇದನ್ನ ಬೆರಳಚ್ಚಿನ ಹಾಗೆ ಬಳಸಿ, ಫೋಟೋ ಯಾವ ಕ್ಯಾಮೆರಾದ್ದು ಅಂತ ಪತ್ತೆ ಮಾಡೋ ವಿಧಾನ ಪ್ರಕಟಿಸಿದ್ರು. ನಾವು ಕಸ ಅಂತ ಒರೆಸೋದು ಇನ್ನೊಬ್ಬರಿಗೆ ಸಾಕ್ಷಿ.

ಕೊನೆಗೆ, ಕೈಗೆ ಸಿಗೋ ಒಂದಿಷ್ಟು ಮಾತು. ನಿಮ್ಮ ಫೋಟೋದಲ್ಲಿ ಚುಕ್ಕಿ ಕಂಡ್ರೆ ಇನ್ನೆರಡು ಫೋಟೋ ತೆಗೀರಿ. ಎಲ್ಲದರಲ್ಲೂ ಅದೇ ಜಾಗದಲ್ಲಿ ಇದ್ರೆ ಹಾಟ್ ಪಿಕ್ಸೆಲ್. ಫೋನು ಅಲುಗಿಸಿದಾಗ ಚುಕ್ಕಿನೂ ಓಡಾಡಿದ್ರೆ ಅದು ಲೆನ್ಸಿನೊಳಗೆ ಬಿದ್ದ ದೀಪದ ಪ್ರತಿಫಲನ, ಮೊದಲು ಲೆನ್ಸ್ ಒರೆಸಿ. ಹಗಲಿನ ಫೋಟೋದಲ್ಲೂ ಚುಕ್ಕಿ, ಗೆರೆ ಕಾಣ್ತಿದ್ರೆ ಮಾತ್ರ ವಾರಂಟಿ ಕೇಳಿ. ಗಣೇಶನ ಮೆರವಣಿಗೆಯಲ್ಲಿ ಲೇಸರ್ ದೀಪದ ಕಡೆ ನೇರ ಕ್ಯಾಮೆರಾ ಹಿಡೀಬೇಡಿ, ಒಂದು ಕ್ಷಣ ಸಾಕು ಸೆನ್ಸರ್ ಸುಡೋಕೆ. ರಾತ್ರಿ ಫೋಟೋಕ್ಕೆ ಮುಂಚೆ ಫೋನು ತಣ್ಣಗಾಗಲಿ. ಮತ್ತೆ, ಮನೆಯವರ ಮುಖ್ಯವಾದ ಫೋಟೋ ಆದ್ರೆ ಮೂಲ ಫೈಲನ್ನ ಅಳಿಸಬೇಡಿ. ನಾನು ಅಳಿಸಿದ್ದಿದ್ರೆ ಇವತ್ತು ಹೇಳೋಕೆ ಕಥೆನೂ ಇರ್ತಿರಲಿಲ್ಲ.

ಹೊಸ ಪ್ರಿಂಟನ್ನ ಪಂಚಮಿಗೆ ಒಯ್ದೆ. ರವೆ ರವೆ ಗೋಡೆ, ಸುಕ್ಕು ಕಾಣೋ ಮುಖ, ಮೂಗಿನ ಮೇಲೆ ಒಂದು ಮಿಂಚು. ಅವ್ವ ನೋಡಿ, "ಈಗ ನಾ ಆದೆ ನೋಡು" ಅಂದಳು. ಹಳೇ ಪ್ರಿಂಟು ಈಗ ಪುಣೆಯಲ್ಲಿ ನನ್ನ ಮೇಜಿನ ಮುಂದೆ ಇದೆ. ಯಾವುದೇ ಫಿಲ್ಟರ್ ಬರೆಯೋ ಮುಂಚೆ ಒಮ್ಮೆ ಅದನ್ನ ನೋಡ್ತೀನಿ.