ಸುದ್ದಿಯೂ ಹೊಣೆಯೂ
(ಶಾಲೆಯ ವಾರ್ಷಿಕ ಸ್ನೇಹಸಮ್ಮೇಲನದಲ್ಲಿ ಪತ್ರಿಕೋದ್ಯೋಗದ ಅಧ್ಯಾಪಕರೊಬ್ಬರು ಮಾಡಿದ ಭಾಷಣ)



ಸೊಲ್ಲಾಪುರ ಜಿಲ್ಲೆಯ ಈ ನೆಲದಲ್ಲಿ ಕನ್ನಡದ ದೀಪವನ್ನು ಆರಗೊಡದೆ ಕಾಯ್ದುಕೊಂಡು ಬಂದಿರುವ ಈ ಶಾಲೆಯ ಸಮಾರಂಭಕ್ಕೆ ನಮ್ಮನ್ನು ಕರೆದು ಗೌರವಿಸಿದ್ದೀರಿ. ಪತ್ರಿಕಾಧರ್ಮವನ್ನು ಕುರಿತು ಮಕ್ಕಳಿಗೆ ಎರಡು ಮಾತು ಹೇಳಬೇಕೆಂದು ಮುಖ್ಯಾಧ್ಯಾಪಕರ ಅಪೇಕ್ಷೆ. ನಾವು ಕೆಲವು ಕಾಲ ಪತ್ರಿಕೆಯಲ್ಲಿ ದುಡಿದು, ಅನಂತರ ಅದೇ ಉದ್ಯೋಗವನ್ನು ತರುಣರಿಗೆ ಕಲಿಸುತ್ತ ಬಂದವರು. ಆದುದರಿಂದ ಪಾಂಡಿತ್ಯದ ಮಾತಿಗಿಂತ ಅನುಭವದ ಮಾತನ್ನೇ ನಿಮ್ಮ ಮುಂದಿಡುವೆವು.

ಗಡಿನಾಡಿನ ಮಕ್ಕಳಾದ ನೀವು ಎರಡು ಪರಂಪರೆಗಳ ಬಾಧ್ಯಸ್ಥರು. 1832ರ ಜನವರಿ 6ರಂದು ಬಾಳಶಾಸ್ತ್ರಿ ಜಾಂಭೇಕರರು ಮುಂಬಯಿಯಲ್ಲಿ ‘ದರ್ಪಣ’ ಪತ್ರಿಕೆಯನ್ನು ಹೊರಡಿಸಿದರು. ಮಹಾರಾಷ್ಟ್ರವು ಆ ದಿನವನ್ನು ಪತ್ರಕಾರರ ದಿನವೆಂದು ಆಚರಿಸುತ್ತದೆ. 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ‘ಮಂಗಳೂರು ಸಮಾಚಾರ’ವನ್ನು ಮುದ್ರಿಸಿದರು, ಕನ್ನಡಿಗರಿಗೆ ಅದೇ ಪತ್ರಿಕಾ ದಿನ. ಬೇರೆ ಮಕ್ಕಳಿಗೆ ಒಂದೇ ಹಬ್ಬ, ನಿಮಗೆ ಎರಡು. ಸ್ವಾತಂತ್ರ್ಯ ಹೋರಾಟದಲ್ಲಿ 1931ರ ಜನವರಿ 12ರಂದು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿದ ಸೊಲ್ಲಾಪುರದ ನಾಲ್ವರು ಹುತಾತ್ಮರಲ್ಲಿ ಒಬ್ಬರಾದ ಅಬ್ದುಲ್ ರಸೂಲ್ ಕುರ್ಬಾನ್ ಹುಸೇನರು ಪತ್ರಿಕೆಯೊಂದನ್ನು ನಡೆಸುತ್ತಿದ್ದವರು. ಲೇಖನಿ ಹಿಡಿಯುವವನು ಪ್ರಾಣದ ಹಂಗನ್ನೂ ತೊರೆಯಬೇಕಾದ ಕಾಲವೊಂದಿತ್ತು ಎಂಬುದನ್ನು ನೀವು ಮರೆಯಲಾಗದು.

ಆದರೆ ಇಂದು ನಾವು ಹೇಳಬೇಕೆಂದಿರುವುದು ಇನ್ನೊಂದು ಜುಲೈ 1ರ ಕಥೆ. 2018ರ ಜುಲೈ 1. ಕನ್ನಡದ ಮೊದಲ ಪತ್ರಿಕೆ ಹುಟ್ಟಿ ಸರಿಯಾಗಿ 175 ವರ್ಷಗಳು ತುಂಬಿದ ದಿನ. ಅಂದು ಧುಳೆ ಜಿಲ್ಲೆಯ ರೈನಪಾಡಾ ಎಂಬ ಹಳ್ಳಿಯಲ್ಲಿ ವಾರದ ಸಂತೆ. ಭಿಕ್ಷೆ ಬೇಡಿ ಬದುಕುವ ಅಲೆಮಾರಿ ನಾಥಪಂಥಿ ಸಮುದಾಯದ ಐವರು ಆ ಊರಿಗೆ ಬಂದಿದ್ದರು. ಮಕ್ಕಳ ಕಳ್ಳರು ತಿರುಗಾಡುತ್ತಿದ್ದಾರೆಂಬ ವದಂತಿ ಅದಾಗಲೇ ವಾಟ್ಸಾಪಿನ ಮೂಲಕ ಸುತ್ತಲೆಲ್ಲ ಹಬ್ಬಿತ್ತು. ಜನ ಸೇರಿದರು, ಯಾರೆಂದು ವಿಚಾರಿಸುವ ತಾಳ್ಮೆ ಯಾರಿಗೂ ಉಳಿಯಲಿಲ್ಲ. ಐವರನ್ನೂ ಹೊಡೆದು ಕೊಂದರು. ಸತ್ತವರಲ್ಲಿ ಹೆಚ್ಚಿನವರು ನಮ್ಮ ಜಿಲ್ಲೆಯ ಮಂಗಳವೇಢೆಯ ಕಡೆಯವರು. ಬಸವಣ್ಣನವರ ಹೆಸರಿನೊಡನೆ ನಾವು ಭಕ್ತಿಯಿಂದ ನೆನೆಯುವ ಆ ಮಂಗಳವೇಢೆಯವರು. ಅದೇ ತಿಂಗಳ 13ರಂದು ಬೀದರ ಜಿಲ್ಲೆಯ ಮುರ್ಕಿಯಲ್ಲಿ ಇಂಥದೇ ವದಂತಿಗೆ ಹೈದರಾಬಾದಿನ ತರುಣನೊಬ್ಬನು ಬಲಿಯಾದನು. ಅವನ ಸಂಗಡಿಗರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟುದೇ ಸಂಶಯಕ್ಕೆ ಕಾರಣವಾಗಿತ್ತು.

ಆ ದಿನಗಳಲ್ಲಿ ದೇಶದಲ್ಲೆಲ್ಲ ಹರಿದಾಡಿದ ಒಂದು ಚಿತ್ರವನ್ನು ನಾವು ತರಗತಿಯಲ್ಲಿ ಇಂದಿಗೂ ಉದಾಹರಿಸುತ್ತೇವೆ. ಬೈಕಿನ ಮೇಲೆ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ ಅದು. ನಿಜದಲ್ಲಿ ಅದು ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಕೆ ಮೂಡಿಸಲೆಂದು ಪಾಕಿಸ್ತಾನದ ಕರಾಚಿಯಲ್ಲಿ ತಯಾರಿಸಿದ ಚಿತ್ರ. ಕೊನೆಯಲ್ಲಿ ಆ ಇಬ್ಬರೇ ಮಗುವನ್ನು ಹಿಂದಕ್ಕೆ ತಂದುಬಿಡುತ್ತಾರೆ. ಯಾರೋ ಆ ಕೊನೆಯ ತುಣುಕನ್ನು ಕತ್ತರಿಸಿ ಉಳಿದುದನ್ನು ಹರಡಿದರು. ಗಮನಿಸಿರಿ: ಇದ್ದ ಚಿತ್ರಕ್ಕೆ ಏನನ್ನೂ ಸೇರಿಸಬೇಕಾಗಲಿಲ್ಲ, ತುದಿಯನ್ನು ತೆಗೆದುಹಾಕಿದ್ದೇ ಸಾಕಾಯಿತು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಹೇಳಿದ ಗಾದೆಯ ಅರ್ಥ ಇಂದು ನೂರ್ಮಡಿಯಾಗಿದೆ.

ಈ ಪಾಠವನ್ನು ನಾವು ಕಲಿತದ್ದು ನಮ್ಮ ತಪ್ಪಿನಿಂದಲೇ. ನಾವು ಉಪಸಂಪಾದಕರಾಗಿ ಸೇರಿದ ಹೊಸತರಲ್ಲಿ, ಒಂದು ರಾತ್ರಿ ಬಾತ್ಮೀದಾರರೊಬ್ಬರು ದೂರವಾಣಿಯಲ್ಲಿ ಸುದ್ದಿ ಹೇಳಿದರು: ಇಂಥ ಊರಿನ ಕಿರಾಣಿ ಅಂಗಡಿಯಲ್ಲಿ ತೂಕದ ಮೋಸ ಪತ್ತೆಯಾಗಿದೆ ಎಂದು. ಪುಟ ಅಚ್ಚಿಗೆ ಹೋಗುವ ಅವಸರದಲ್ಲಿ ನಾವು ಹೆಸರನ್ನು ಮತ್ತೆ ಕೇಳಲಿಲ್ಲ. ಒಂದೇ ಹೆಸರಿನ ಇಬ್ಬರು ಅಂಗಡಿಕಾರರು ಆ ಊರಿನಲ್ಲಿದ್ದರು. ನಾವು ಅಚ್ಚು ಹಾಕಿದ ತಂದೆಯ ಹೆಸರು ನಿರಪರಾಧಿಯದು. ಮೂರು ದಿನಗಳ ಮೇಲೆ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಬಂದಿತು. ಆ ಮುದುಕರು ಕಚೇರಿಗೆ ಬಂದರು, ಬಯ್ಯಲಿಲ್ಲ. “ನಿಮ್ಮ ಸುದ್ದಿಯನ್ನು ಚಹಾದ ಅಂಗಡಿಯಲ್ಲಿ ದೊಡ್ಡ ದನಿಯಿಂದ ಓದಿದರು. ಈ ನಾಲ್ಕು ಸಾಲನ್ನು ಯಾರೂ ಓದಲಿಲ್ಲ ನೋಡ್ರಿ,” ಎಂದಷ್ಟೇ ಅಂದರು. ಮರುದಿನ ನಾವು ಅವರೂರಿಗೆ ಹೋಗಿ, ಅದೇ ಚಹಾದ ಅಂಗಡಿಯಲ್ಲಿ ನಿಂತು, ಆ ನಾಲ್ಕು ಸಾಲುಗಳನ್ನು ಓದಿದೆವು. ಅಷ್ಟರಿಂದ ಅವರ ಹಾನಿ ಪೂರ್ತಿಯಾಗಿ ತುಂಬಿತೆಂದು ನಾವು ಹೇಳಲಾರೆವು. ಆದರೆ ಸುದ್ದಿಯೆಂದರೆ ಕಾಗದವಲ್ಲ, ಒಬ್ಬ ಮನುಷ್ಯನ ಮಾನವೆಂಬುದು ಅಂದು ನಮಗೆ ತಿಳಿಯಿತು.

ಅವಸರವು ಒಂದು ಶತ್ರುವಾದರೆ ಲೋಭವು ಇನ್ನೊಂದು. 2009ರ ಮಹಾರಾಷ್ಟ್ರ ವಿಧಾನಸಭಾ ಚುನಾವಣೆಯ ಕಾಲದಲ್ಲಿ, ಅಭ್ಯರ್ಥಿಯೊಬ್ಬರನ್ನು ಹೊಗಳುವ ಒಂದೇ ಲೇಖನವು ಅಕ್ಷರವೂ ವ್ಯತ್ಯಾಸವಿಲ್ಲದೆ ಬೇರೆ ಬೇರೆ ಪತ್ರಿಕೆಗಳಲ್ಲಿ ಸುದ್ದಿಯ ರೂಪದಲ್ಲಿ ಬಂದುದು ಬಯಲಾಯಿತು. ಜಾಹೀರಾತು ಜಾಹೀರಾತಾಗಿಯೇ ಬಂದರೆ ದೋಷವಿಲ್ಲ. ಅದು ಸುದ್ದಿಯ ವೇಷ ತೊಟ್ಟು ಬಂದರೆ ಓದುಗನಿಗೆ ಮಾಡಿದ ವಂಚನೆ. ಪತ್ರಿಕೆಗಳ ನಡತೆಯನ್ನು ನೋಡಿಕೊಳ್ಳಲು 1966ರಲ್ಲಿ ಭಾರತೀಯ ಪತ್ರಿಕಾ ಮಂಡಳಿ ಸ್ಥಾಪಿತವಾಯಿತು. ಅದು ತಪ್ಪಿದವರನ್ನು ಎಚ್ಚರಿಸಬಹುದು, ಖಂಡಿಸಬಹುದು. ದಂಡ ಹಾಕುವ, ಸೆರೆಗೆ ತಳ್ಳುವ ಅಧಿಕಾರ ಅದಕ್ಕಿಲ್ಲ. ಹೀಗೆ ಈ ಉದ್ಯೋಗದ ಕಾವಲು ಕೊನೆಗೂ ಉದ್ಯೋಗಿಯ ಅಂತಃಕರಣದಲ್ಲಿಯೇ ಇದೆ.

ಇನ್ನು ಮುಂದಿನ ಮಾತು. ಪತ್ರಿಕೋದ್ಯೋಗಕ್ಕೆ ಭವಿಷ್ಯವಿದೆಯೇ ಎಂದು ತಾಯಿತಂದೆಗಳು ನಮ್ಮನ್ನು ಕೇಳುವುದುಂಟು. ಇಂದು ಯಂತ್ರವೇ ಲೇಖನ ಬರೆಯುತ್ತದೆ. ಇಲ್ಲದ ಮುಖಕ್ಕೆ ಚಿತ್ರವನ್ನೂ ಆಡದ ಮಾತಿಗೆ ದನಿಯನ್ನೂ ಕಟ್ಟಿಕೊಡುತ್ತದೆ. ಆದರೆ ಅದು ಮಂಗಳವೇಢೆಗೆ ಹೋಗಿ, ತಂದೆಯನ್ನು ಕಳೆದುಕೊಂಡ ಮಕ್ಕಳ ಎದುರಿಗೆ ಕುಳಿತು, ಕೇಳಿ ತಿಳಿದು ಬರಲಾರದು. ತಪ್ಪಾದಾಗ ನಾಚಿ ಚಹಾದ ಅಂಗಡಿಯಲ್ಲಿ ನಿಲ್ಲಲಾರದು. ಹೋಗಿ ನೋಡುವವನು, ಹೆಸರು ಹೇಳಿ ಹೊಣೆ ಹೊರುವವನು ಮುಂದೆಯೂ ಬೇಕು. ಹಿಂದಿಗಿಂತ ಹೆಚ್ಚಾಗಿ ಬೇಕು.

ಹಿಂದೆ ಮುದ್ರಣಾಲಯವುಳ್ಳವನು ಮಾತ್ರ ಪ್ರಕಾಶಕನು. ಇಂದು ಫೋನು ಹಿಡಿದ ಪ್ರತಿಯೊಬ್ಬನೂ ಪ್ರಕಾಶಕನೇ. ಸಂಪಾದಕನ ಅಧಿಕಾರವು ನಿಮ್ಮ ಕೈಗೆ ಬಂದಿದೆ. ಆತನ ಹೊಣೆಯೂ ಅದರೊಡನೆ ಬಂದಿದೆ. ಆದುದರಿಂದ ಯಾವುದೇ ಸುದ್ದಿಯನ್ನು ಮುಂದಕ್ಕೆ ಕಳಿಸುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಇದನ್ನು ಕಣ್ಣಾರೆ ಕಂಡವರು ಯಾರು? ಇದರಲ್ಲಿ ದೂಷಿತನಾದವನ ಮಾತು ಎಲ್ಲಿದೆ? ಇದು ಸುಳ್ಳಾದರೆ ನೋಯುವವರು ಯಾರು? ಮೂರಕ್ಕೂ ಉತ್ತರ ದೊರೆಯದಿದ್ದರೆ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಿರಿ.

ನಿಮಗೆ ಇನ್ನೊಂದು ಅನುಕೂಲವಿದೆ. ಗಡಿಯ ಗಲಾಟೆ ಎದ್ದಾಗ ಒಂದೇ ಸಭೆಯನ್ನು ಒಂದು ಭಾಷೆಯ ಪತ್ರಿಕೆ ‘ಹೋರಾಟ’ ಎಂದು, ಇನ್ನೊಂದು ಭಾಷೆಯ ಪತ್ರಿಕೆ ‘ಪುಂಡಾಟ’ ಎಂದು ಬರೆಯುವುದನ್ನು ನಾವು ಕಂಡಿದ್ದೇವೆ. ಒಂದೇ ಭಾಷೆ ಬಲ್ಲವನು ಒಂದನ್ನೇ ನಂಬುತ್ತಾನೆ. ಕನ್ನಡವನ್ನೂ ಮರಾಠಿಯನ್ನೂ ಬಲ್ಲ ನೀವು ಎರಡನ್ನೂ ಓದಿ ತೂಗಬಲ್ಲಿರಿ. ಗಡಿಯಲ್ಲಿ ಹುಟ್ಟಿದುದನ್ನು ಕೊರತೆಯೆಂದು ಭಾವಿಸಬೇಡಿರಿ. ಎರಡು ಕಣ್ಣುಗಳಿಂದ ನೋಡುವ ಭಾಗ್ಯವದು.

ತಾಯಿತಂದೆಗಳಲ್ಲಿ ಒಂದು ವಿನಂತಿ. ಊಟದ ಹೊತ್ತಿಗೆ ಮನೆಯಲ್ಲಿ ಒಂದು ಸುದ್ದಿಯನ್ನಾದರೂ ಮಕ್ಕಳಿಂದ ಓದಿಸಿರಿ, “ಇದು ನಿಜವೆಂದು ಹೇಗೆ ಬಲ್ಲೆ?” ಎಂದು ಕೇಳಿರಿ. ಉತ್ತರ ತಡವಾದರೂ ಚಿಂತೆಯಿಲ್ಲ. ರೈನಪಾಡಾದ ಸಂತೆಯಲ್ಲಿ ಹಾಗೆ ಕೇಳುವ ಒಬ್ಬರ ಮಾತು ಅಂದು ನಡೆದಿದ್ದರೆ, ಐವರು ತಮ್ಮ ಊರಿಗೆ ಮರಳುತ್ತಿದ್ದರು. ಅಂಥ ಪ್ರಶ್ನೆ ಕೇಳುವ ಧೈರ್ಯವು ಈ ಶಾಲೆಯ ಪ್ರತಿಯೊಂದು ಮಗುವಿಗೂ ಬರಲೆಂದು ಹಾರೈಸಿ, ನಮ್ಮ ಮಾತನ್ನು ಮುಗಿಸುತ್ತೇವೆ.