ಕಾಲಿನ ಸುದ್ದಿ ತಲೆಗೆ ತಲುಪದಿದ್ದಾಗ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಆರೋಗ್ಯದ ಬಗ್ಗೆ ನಾಲ್ಕು ಮಾತು ಆಡಿ ಎಂದು ಕಾರ್ಯದರ್ಶಿಗಳು ಕೇಳಿದಾಗ, ನಾನು ಡಾಕ್ಟರಲ್ಲ ಎಂದು ಹಿಂಜರಿದೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು, ಅಷ್ಟೇ. ಆದರೆ ರೋಗಿಯಾಗಿ ನನಗೆ ಹತ್ತು ವರ್ಷಕ್ಕೂ ಮಿಕ್ಕಿದ ಸರ್ವಿಸ್ ಇದೆ. ಆ ಅನುಭವದ ಮೇಲೆ ಮಾತಾಡುತ್ತೇನೆ.

2014ರಲ್ಲಿ ನನಗೆ ದೊಡ್ಡ ಕರುಳಿನ ಕ್ಯಾನ್ಸರ್ ಇರುವುದು ಗೊತ್ತಾಯಿತು. ಆಪರೇಷನ್ ಆಯಿತು. ಡಿಸೆಂಬರಿನಿಂದ ಕೀಮೋಥೆರಪಿ ಶುರು. ಮೂರು ವಾರಕ್ಕೊಮ್ಮೆ ಆಕ್ಸಾಲಿಪ್ಲಾಟಿನ್ ಎಂಬ ಔಷಧಿಯ ಡ್ರಿಪ್, ಮನೆಯಲ್ಲಿ ಮಾತ್ರೆ. ಹೀಗೆ ಎಂಟು ಸುತ್ತು.

ಮಲೆನಾಡಿನ ಡಿಸೆಂಬರ್ ನಿಮಗೆ ಗೊತ್ತೇ ಇದೆ. ಮೊದಲ ಡ್ರಿಪ್ ಆದ ಮರುದಿನ ಬೆಳಗಿನ ಜಾವ ವುಝೂ ಮಾಡಲು ನಲ್ಲಿ ತಿರುಗಿಸಿದೆ. ನೀರು ಬೆರಳಿಗೆ ತಾಗಿದ್ದೇ ತಡ, ಕರೆಂಟ್ ಹೊಡೆದಂತಾಯಿತು. ಒಂದು ಗುಟುಕು ತಣ್ಣೀರು ಕುಡಿದರೆ ಗಂಟಲು ಕಟ್ಟಿ ಉಸಿರೇ ನಿಂತಂತೆ. ತಣ್ಣಗಿನದನ್ನು ಮುಟ್ಟಬೇಡಿ ಎಂದು ಸಿಸ್ಟರ್ ಹೇಳಿದ್ದರು, ನಾನೇ ಮರೆತಿದ್ದೆ. ಅಂದಿನಿಂದ ನಮ್ಮ ಮನೆಯವರು ಫ್ರಿಜ್ಜಿನ ಬಾಗಿಲು ಮುಟ್ಟಲು ನನ್ನನ್ನು ಬಿಡಲಿಲ್ಲ. ಈ ತೊಂದರೆ ನಾಲ್ಕೈದು ದಿನದಲ್ಲಿ ಇಳಿಯುತ್ತಿತ್ತು. ನಾಲ್ಕನೇ ಸುತ್ತಿನ ಹೊತ್ತಿಗೆ ಬೇರೆಯದೇ ಒಂದು ಬಂತು. ಬೆರಳ ತುದಿಗಳಲ್ಲಿ ಜೋಮು. ಅದು ಇಳಿಯಲಿಲ್ಲ.

ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ಮುಟ್ಟಿದ್ದನ್ನು ತಿಳಿಸುವ ನರಕೋಶಗಳ ಒಡಲು ಬೆನ್ನುಹುರಿಯ ಪಕ್ಕದ ಗಂಟುಗಳಲ್ಲಿದೆ. ಅಲ್ಲಿಂದ ಒಂದೊಂದು ಎಳೆ ಕಾಲ್ಬೆರಳ ತನಕ, ಸುಮಾರು ಒಂದು ಮೀಟರ್ ಉದ್ದ ಹೋಗುತ್ತದೆ. ಮಿದುಳಿಗೆ ರಕ್ತದಲ್ಲಿನ ವಿಷವನ್ನು ತಡೆಯುವ ಒಂದು ತಡೆಗೋಡೆ ಇದೆ. ಈ ಗಂಟುಗಳಿಗೆ ಅಂಥ ಬಲವಾದ ಗೋಡೆ ಇಲ್ಲ. ಔಷಧಿಯ ಪ್ಲಾಟಿನಂ ಅಲ್ಲಿ ಸೇರಿಕೊಂಡು ಕೋಶವನ್ನು ಕೆಡಿಸುತ್ತದೆ. ಉದ್ದದ ಎಳೆಗಳೇ ಮೊದಲು ಸೊರಗುತ್ತವೆ. ಆದ್ದರಿಂದ ಕಾಲುಚೀಲ, ಕೈಗವಸು ಹಾಕಿದಷ್ಟು ಜಾಗ ಮರಗಟ್ಟುತ್ತದೆ. ಸ್ತನದ ಕ್ಯಾನ್ಸರಿಗೆ ಕೊಡುವ ಪ್ಯಾಕ್ಲಿಟಾಕ್ಸೆಲ್, ರಕ್ತದ ಕ್ಯಾನ್ಸರಿಗೆ ಕೊಡುವ ವಿಂಕ್ರಿಸ್ಟೀನ್ ಕೂಡ ಬೇರೆ ದಾರಿಯಲ್ಲಿ ಇದನ್ನೇ ಮಾಡುತ್ತವೆ. ವಿಂಕ್ರಿಸ್ಟೀನ್ ಸಿಕ್ಕಿದ್ದು ನಮ್ಮ ಅಂಗಳದ ನಿತ್ಯಪುಷ್ಪದ ಗಿಡದಿಂದ! ಅದನ್ನು ಪಾಠ ಮಾಡಿದ್ದೆ, ಅದರ ಈ ಮುಖವನ್ನು ಪಾಠ ಮಾಡಿರಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಪ್ರತಿ ಸುತ್ತಿಗೂ ಮೊದಲು ಡಾಕ್ಟರು, "ಅಂಗಿಯ ಗುಂಡಿ ಹಾಕಲು ಆಗುತ್ತದೆಯೇ? ನಡೆಯುವಾಗ ತೊಂದರೆ ಇದೆಯೇ?" ಎಂದು ಕೇಳುತ್ತಿದ್ದರು. ನಾನು "ಏನಿಲ್ಲ ಸರ್" ಎನ್ನುತ್ತಿದ್ದೆ. ಗುಂಡಿ ಹಾಕುತ್ತಿದ್ದವರು ನಮ್ಮ ಮನೆಯವರು. ನಿಜ ಹೇಳಿದರೆ ಔಷಧಿ ಕಡಿಮೆ ಮಾಡುತ್ತಾರೆ, ಕ್ಯಾನ್ಸರ್ ಮರಳುತ್ತದೆ ಎಂಬ ಹೆದರಿಕೆ. ಡ್ರಿಪ್ ಮಾತ್ರ ನಿಲ್ಲಿಸಿ ಮಾತ್ರೆ ಮುಂದುವರಿಸುವ ದಾರಿಯೂ ಇತ್ತೆಂದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಮುಂದೆ 2018ರಲ್ಲಿ ಆರು ಪ್ರಯೋಗಗಳ 12,834 ರೋಗಿಗಳ ಫಲಿತಾಂಶ ಒಟ್ಟಾಗಿ ಪ್ರಕಟವಾಯಿತು. ಮೂರನೇ ಹಂತದ ಕರುಳಿನ ಕ್ಯಾನ್ಸರಿನಲ್ಲಿ ಅಪಾಯ ಕಡಿಮೆ ಇರುವವರಿಗೆ, ಮುಖ್ಯವಾಗಿ ನಾನು ಪಡೆದ ಜೋಡಿ ಔಷಧಿಯಲ್ಲಿ, ಆರು ತಿಂಗಳ ಬದಲು ಮೂರು ತಿಂಗಳೇ ಹೆಚ್ಚುಕಡಿಮೆ ಸಾಕೆಂದು ಕಂಡಿತು. ಆರು ತಿಂಗಳು ಪಡೆದವರಲ್ಲಿ ನೂರಕ್ಕೆ ಸುಮಾರು 45 ಮಂದಿಗೆ ಮಧ್ಯಮ ಅಥವಾ ಹೆಚ್ಚಿನ ನರದ ತೊಂದರೆ, ಮೂರು ತಿಂಗಳು ಪಡೆದವರಲ್ಲಿ 15ರ ಆಸುಪಾಸು. ಆ ಲೇಖನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಕಾಲದಲ್ಲಿ ಅದು ಯಾರಿಗೂ ತಿಳಿದಿರಲಿಲ್ಲ, ಡಾಕ್ಟರದ್ದೇನೂ ತಪ್ಪಿಲ್ಲ. "ಏನಿಲ್ಲ ಸರ್" ಎಂದದ್ದು ಮಾತ್ರ ನಾನೇ.

2015ರ ಮೇ ತಿಂಗಳಲ್ಲಿ ಕೊನೆಯ ಸುತ್ತು. ಇನ್ನು ಸರಿಹೋಗುತ್ತದೆ ಅಂದುಕೊಂಡರೆ ಮುಂದಿನ ಮೂರು ತಿಂಗಳು ಹೆಚ್ಚೇ ಆಯಿತು. ಈ ಔಷಧಿಯ ಗುಣವೇ ಹಾಗಂತೆ. ಒಂದು ದಿನ ಮೀನು ಮಾರ್ಕೆಟಿನಿಂದ ಮನೆಗೆ ಬಂದೆ. ಮೊಮ್ಮಗಳು, "ದಾದಾ, ಇನ್ನೊಂದು ಚಪ್ಪಲಿ ಎಲ್ಲಿ?" ಎಂದು ಕೇಳಿದಳು. ನೋಡಿದರೆ ಎಡಗಾಲು ಬರಿಗಾಲು! ಎಲ್ಲಿ ಕಳಚಿತೋ ಕಾಲಿಗೆ ಗೊತ್ತಿಲ್ಲ. ಅಂದು ಎಲ್ಲರೂ ನಕ್ಕೆವು. ಇನ್ನೊಮ್ಮೆ ಅವಳು ನೆಲದ ಮೇಲಿನ ರಕ್ತದ ಗುರುತನ್ನು ಹಿಂಬಾಲಿಸಿಕೊಂಡು ಬಂದಳು. ನನ್ನ ಪಾದದಲ್ಲಿ ಡ್ರಾಯಿಂಗ್ ಪಿನ್ನು ಇತ್ತು. ಆಗ ಯಾರೂ ನಗಲಿಲ್ಲ. ಬ್ಯಾಂಕಿನಲ್ಲಿ ಸಹಿ ಹೊಂದುವುದಿಲ್ಲ ಎಂದು ಎರಡು ಸಲ ವಾಪಸ್ ಕಳಿಸಿದರು. ನನ್ನ ವಿದ್ಯಾರ್ಥಿಯೇ ಆಗಿದ್ದವನು ಕೌಂಟರಿನಲ್ಲಿದ್ದ. ಅದು ಬೇಸರವಾಯಿತು.

ನಮ್ಮಲ್ಲಿ ಯಾರ ಮನೆಯಲ್ಲಾದರೂ ಇಂಥವರಿದ್ದರೆ ಕೆಲವು ಮಾತು. ಕಾಲು ಸುದ್ದಿ ಕಳಿಸದಿದ್ದಾಗ ದೇಹ ಕಣ್ಣಿನ ಆಧಾರದ ಮೇಲೆ ನಿಲ್ಲುತ್ತದೆ. ನಾನು ಹೌಝಿನ ಬಳಿ ಮುಖ ತೊಳೆಯಲು ಕಣ್ಣು ಮುಚ್ಚಿದೊಡನೆ ವಾಲಿ ಬಿದ್ದದ್ದು ಇದೇ ಕಾರಣಕ್ಕೆ. ಈಗ ಸ್ಟೂಲಿನ ಮೇಲೆ ಕುಳಿತೇ ತೊಳೆಯುತ್ತೇನೆ. ರಾತ್ರಿ ಪೂರ್ತಿ ಒಂದು ಸಣ್ಣ ದೀಪ ಉರಿಯಲಿ. ಬಿಸಿನೀರನ್ನು ಮೊಣಕೈಯಿಂದ ಪರೀಕ್ಷಿಸಿ. ಪಾದವನ್ನು ದಿನಾ ಕನ್ನಡಿ ಹಿಡಿದು ನೋಡಿ. ಸಕ್ಕರೆ ಕಾಯಿಲೆ, ಬಿ12 ಕೊರತೆ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿ. ಅವೂ ಇದೇ ನರಗಳನ್ನು ಕೆಡಿಸುತ್ತವೆ.

ಔಷಧಿಯ ವಿಷಯದಲ್ಲಿ ಹೆಚ್ಚು ಹೇಳುವಂತಿಲ್ಲ. ನೋವಿಗೆ ಡ್ಯುಲಾಕ್ಸೆಟಿನ್ ಎಂಬ ಮಾತ್ರೆ ಒಂದಿಷ್ಟು ಉಪಕಾರಿ ಎಂದು 2013ರ ಪ್ರಯೋಗವೊಂದು ತೋರಿಸಿತು. ಡಾಕ್ಟರು ಬರೆದರೆ ಮಾತ್ರ ತಗೊಳ್ಳಬೇಕು. ಮರಗಟ್ಟಿದ್ದನ್ನು ಹಿಂದಕ್ಕೆ ತರುವ ಮಾತ್ರೆ ಇಲ್ಲ. ನಾನು ಎಣ್ಣೆಗೆ, ಪುಡಿಗೆ, ಡಬ್ಬಿ ಡಬ್ಬಿ ಟಾನಿಕ್ಕಿಗೆ ಸುರಿದ ದುಡ್ಡಿನಲ್ಲಿ ಇಬ್ಬರು ಮಕ್ಕಳ ಫೀಸು ಕಟ್ಟಬಹುದಿತ್ತು. ನರಕ್ಕೆ ಒಳ್ಳೆಯದೆಂದು ಮಾರುವ ಅಸಿಟೈಲ್ ಕಾರ್ನಿಟಿನ್ ಪರೀಕ್ಷೆಯಲ್ಲಿ ತೊಂದರೆಯನ್ನು ಹೆಚ್ಚೇ ಮಾಡಿತು. ನನಗೆ ಉಪಯೋಗಕ್ಕೆ ಬಂದದ್ದು ದಿನದ ನಡಿಗೆ, ಗೋಡೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವ ಅಭ್ಯಾಸ, ಹಿಂದೆ ಪಟ್ಟಿ ಇರುವ ಚಪ್ಪಲಿ, ಇವೇ.

ಕೈಬೆರಳು ಎರಡು ವರ್ಷದಲ್ಲಿ ಬಹುಮಟ್ಟಿಗೆ ಮರಳಿತು. ಕಾಲು ಮರಳಲಿಲ್ಲ. ಕ್ಯಾನ್ಸರೂ ಮರಳಲಿಲ್ಲ, ಅಲ್‌ಹಮ್ದುಲಿಲ್ಲಾಹ್.

ಸಮಯ ಮುಗಿಯಿತೆಂದು ನಿರೂಪಕರು ನೋಡುತ್ತಿದ್ದಾರೆ. ಈ ವೇದಿಕೆಯ ಮೆಟ್ಟಿಲಿಗೆ ಕಂಬಿ ಇಲ್ಲ, ಮುಂದಿನ ವರ್ಷ ಒಂದು ಹಾಕಿಸಿ. ಈಗ ಯಾರಾದರೂ ಒಬ್ಬ ವಿದ್ಯಾರ್ಥಿ ಬಂದು ನನ್ನ ಬಲಗಡೆ ನಿಲ್ಲಪ್ಪ. ಕೈ ಹಿಡಿದು ಎಳೆಯಬೇಡ, ನಾನೇ ನಿನ್ನ ಹೆಗಲ ಮೇಲೆ ಕೈಯಿಟ್ಟು ಇಳಿಯುತ್ತೇನೆ.