ಸ್ಮಾರ್ಟ್‌ಫೋನಿಗೆ ಸೂಕ್ತ ಉಪಸಾಧನಗಳ ಆಯ್ಕೆ
(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಪಂಪ್‌ಸೆಟ್ ಕೊಳ್ಳುವಾಗ ನಾವು ಮೋಟಾರನ್ನಷ್ಟೇ ನೋಡುವುದಿಲ್ಲ. ಸ್ಟಾರ್ಟರ್, ಕೇಬಲ್, ಫುಟ್‌ವಾಲ್ವ್, ಪೈಪು ಎಲ್ಲವೂ ಅದಕ್ಕೆ ಹೊಂದುವಂತಿದ್ದರೆ ಮಾತ್ರ ನೀರು ಹೊಲಕ್ಕೆ ಬರುತ್ತದೆ. ಸ್ಮಾರ್ಟ್‌ಫೋನಿನ ವಿಷಯದಲ್ಲಿಯೂ ಹೀಗೆಯೇ. ಬ್ಯಾಂಕಿನ ಒಟಿಪಿ, ಪೇಟೆ ಧಾರಣೆ, ಹವಾಮಾನ ಮುನ್ಸೂಚನೆ ಎಲ್ಲವೂ ಈಗ ಅದರ ಮೂಲಕವೇ ಬರುತ್ತವೆ. 2020ರಿಂದ ನಮ್ಮ ರಾಜ್ಯದಲ್ಲಿ ರೈತರೇ ತಮ್ಮ ಹೊಲದ ಬೆಳೆಯನ್ನು ಮೊಬೈಲ್ ಮೂಲಕ ಸಮೀಕ್ಷೆಗೆ ದಾಖಲಿಸುವ ಅವಕಾಶವೂ ಇದೆ. ಆದುದರಿಂದ ಸಾವಿರಾರು ರೂಪಾಯಿ ಕೊಟ್ಟು ತಂದ ಫೋನು ಕಳಪೆ ಚಾರ್ಜರಿನಿಂದಲೋ ಧೂಳಿನಿಂದಲೋ ಕೆಡದಂತೆ ನೋಡಿಕೊಳ್ಳುವುದು ಅವಶ್ಯ.

ಚಾರ್ಜರ್ ಮತ್ತು ಕೇಬಲ್

ಗೊಬ್ಬರದ ಚೀಲದ ಮೇಲಿನ ಬರಹ ಓದುವಂತೆ ಚಾರ್ಜರಿನ ಮೇಲಿನ ಬರಹವನ್ನೂ ಓದಿರಿ. ಅದರಲ್ಲಿ ವೋಲ್ಟ್ ಮತ್ತು ಆಂಪಿಯರ್ ಅಚ್ಚಾಗಿರುತ್ತವೆ. ಇವೆರಡನ್ನು ಗುಣಿಸಿದರೆ ವಾಟ್ ಬರುತ್ತದೆ. 5 ವೋಲ್ಟ್, 2 ಆಂಪಿಯರ್ ಎಂದರೆ 10 ವಾಟ್. 9 ವೋಲ್ಟ್, 2 ಆಂಪಿಯರ್ ಎಂದರೆ 18 ವಾಟ್. ಹೆಚ್ಚು ವಾಟಿನ ಚಾರ್ಜರ್ ಫೋನನ್ನು ಸುಡುತ್ತದೆಂಬ ಭಯ ಬೇಡ. ತೊಟ್ಟಿ ದೊಡ್ಡದಾದರೂ ಎತ್ತು ತನಗೆ ಬೇಕಾದಷ್ಟೇ ನೀರು ಕುಡಿಯುವಂತೆ, ಒಳ್ಳೆಯ ಚಾರ್ಜರಿನಿಂದ ಫೋನು ತನಗೆ ಬೇಕಾದಷ್ಟೇ ವಿದ್ಯುತ್ ಪಡೆಯುತ್ತದೆ. ಅಪಾಯವಿರುವುದು ಕಳಪೆ ಚಾರ್ಜರಿನಲ್ಲಿ.

ಇದನ್ನು ಗುರುತಿಸಲು ಒಂದು ಮಾರ್ಗವಿದೆ. 2012ರ ಕೇಂದ್ರ ಸರ್ಕಾರದ ಆದೇಶದಂತೆ ಆರಂಭವಾದ ಕಡ್ಡಾಯ ನೋಂದಣಿ ವ್ಯವಸ್ಥೆಯಲ್ಲಿ ಮೊಬೈಲ್ ಚಾರ್ಜರ್ ಮತ್ತು ಪವರ್ ಬ್ಯಾಂಕ್‌ಗಳೂ ಸೇರಿವೆ. ಇವುಗಳ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು ಮತ್ತು 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರತಕ್ಕದ್ದು. ಬ್ಯೂರೋದ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಈ ಸಂಖ್ಯೆಯನ್ನು ಹಾಕಿದರೆ ತಯಾರಕರ ವಿವರ ತಿಳಿಯುತ್ತದೆ. ಅಂಗಡಿಯಲ್ಲೇ ನಿಂತು ಪರೀಕ್ಷಿಸಬಹುದು.

ಕೇಬಲ್ ಎಂಬುದು ಪೈಪಿನಂತೆ. ಕಿರಿದಾದ ಪೈಪು ಎಷ್ಟೇ ಒಳ್ಳೆಯ ಪಂಪಿನ ನೀರನ್ನೂ ಕುಗ್ಗಿಸುತ್ತದೆ. ಸಾಧಾರಣ ಟೈಪ್-ಸಿ ಕೇಬಲ್ 3 ಆಂಪಿಯರ್‌ವರೆಗೆ ಸಾಕಾಗುತ್ತದೆ. ತುದಿಯಲ್ಲಿ ಬಿರುಕು ಬಿಟ್ಟ ಅಥವಾ ಬಿಸಿಯಾಗುವ ಕೇಬಲನ್ನು ಟೇಪು ಸುತ್ತಿ ಬಳಸಬೇಡಿ; ಬದಲಾಯಿಸಿರಿ. ಗುಡುಗು ಮಿಂಚಿನ ವೇಳೆ ಚಾರ್ಜರನ್ನು ಗೋಡೆಯಿಂದ ತೆಗೆದಿಡಿ. ಹಾಸಿಗೆ, ಹುಲ್ಲಿನ ಬಣವೆ, ಗೋಣಿಚೀಲಗಳ ಮೇಲಿಟ್ಟು ಚಾರ್ಜ್ ಮಾಡಬಾರದು.

ಪವರ್ ಬ್ಯಾಂಕ್

ವಿದ್ಯುತ್ ಕಡಿತವಿರುವ ಊರುಗಳಲ್ಲಿ ಇದು ಉಪಯುಕ್ತ. ಆದರೆ ಡಬ್ಬಿಯ ಮೇಲಿನ ಅಂಕಿಯನ್ನು ಸರಿಯಾಗಿ ತಿಳಿಯಬೇಕು. 10,000 ಮಿಲಿ ಆಂಪಿಯರ್ ಗಂಟೆ ಎಂಬುದು ಸಾಮಾನ್ಯವಾಗಿ ಒಳಗಿನ ಬ್ಯಾಟರಿಯ 3.7 ವೋಲ್ಟಿನ ಲೆಕ್ಕ. ಅಂದರೆ 37 ವಾಟ್ ಗಂಟೆಯ ಶಕ್ತಿ. ಇದು 5 ವೋಲ್ಟಿಗೆ ಏರಿ ಹೊರಬರುವಾಗ ಲೆಕ್ಕಕ್ಕೆ 7,400 ಮಾತ್ರ. ಬಿಸಿಯಾಗಿ ನಷ್ಟವಾಗುವುದನ್ನು ಕಳೆದರೆ ಇನ್ನೂ ಕಡಿಮೆ. ಆದ್ದರಿಂದ 5,000ದ ಬ್ಯಾಟರಿಯ ಫೋನನ್ನು ಇದರಿಂದ ಎರಡು ಬಾರಿ ತುಂಬಿಸಲಾಗದು. ಸುಮಾರು ಒಂದೂವರೆ ಬಾರಿ ಎಂದು ಎಣಿಸಿರಿ. ಅಂಗೈಯಗಲದ ಹಗುರ ಡಬ್ಬಿಯ ಮೇಲೆ 50,000 ಎಂದು ಬರೆದಿದ್ದರೆ ನಂಬಬೇಡಿ. ಊದಿಕೊಂಡ ಪವರ್ ಬ್ಯಾಂಕನ್ನು ಕೂಡಲೇ ಬಿಟ್ಟುಬಿಡಿ. ಅದನ್ನು ಚುಚ್ಚಬೇಡಿ, ಒಲೆಗೂ ಹಾಕಬೇಡಿ.

ಕವಚ ಮತ್ತು ಪರದೆಯ ಗಾಜು

ಹೊಲದ ಮರಳಿನಲ್ಲಿರುವ ಬೆಣಚುಕಲ್ಲಿನ ಕಣ ಗಾಜಿಗಿಂತ ಗಡಸು. ಮಣ್ಣಾದ ಜೇಬಿನಲ್ಲಿ ಫೋನು ಉಜ್ಜಿದರೆ ಗೀರು ಬೀಳುವುದು ಇದರಿಂದಲೇ. ಮೇಲೆ ಅಂಟಿಸುವ ಗಾಜಿನ ಡಬ್ಬಿಯಲ್ಲಿ '9 ಎಚ್' ಎಂದಿರುತ್ತದೆ. ಇದು ಪೆನ್ಸಿಲ್ ಗೀರಿನ ಪರೀಕ್ಷೆಯ ಅಳತೆ. ಮರಳಿಗೆ ಗೀರು ಬೀಳದೆಂದು ಅರ್ಥವಲ್ಲ. ಆದರೂ ಗೀರು ಮೇಲಿನ ಗಾಜಿಗೆ ಬಿದ್ದು ಪರದೆ ಉಳಿಯುವುದರಿಂದ ಹಾಕಿಸುವುದು ಲಾಭಕರ.

ಕವಚವು ಮೃದುವಾಗಿದ್ದು, ಅದರ ಅಂಚು ಪರದೆಗಿಂತಲೂ ಕ್ಯಾಮರಾಗಿಂತಲೂ ಸ್ವಲ್ಪ ಎತ್ತರವಿರಬೇಕು. ಅಯಸ್ಕಾಂತವಿರುವ ಮಡಿಚುವ ಕವಚದಿಂದ ಫೋನಿನ ದಿಕ್ಸೂಚಿ ತಪ್ಪು ತೋರಿಸಬಹುದು. ಔಷಧಿ ಸಿಂಪಡಿಸುವಾಗ ಮತ್ತು ನಾಟಿ ಸಮಯದಲ್ಲಿ ಬಾಯಿ ಬಿಗಿಯುವ ಪ್ಲಾಸ್ಟಿಕ್ ಚೀಲ ಬಳಸಿರಿ. ಮೊದಲು ಕಾಗದದ ಚೂರನ್ನು ಅದರೊಳಗಿಟ್ಟು ನೀರಿನಲ್ಲಿ ಮುಳುಗಿಸಿ ನೋಡಿ, ಒದ್ದೆಯಾಗದಿದ್ದರೆ ಫೋನು ಇಡಿ. 'ಐಪಿ 67' ಎಂಬ ಫೋನು 1 ಮೀಟರ್ ಆಳದ ಶುದ್ಧ ನೀರಿನಲ್ಲಿ 30 ನಿಮಿಷ ತಾಳುವ ಪರೀಕ್ಷೆಗೆ ಒಳಗಾಗಿರುತ್ತದೆ. ಆದರೆ ಈ ಗುಣ ಫೋನು ಹಳೆಯದಾದಂತೆ ಕುಗ್ಗುತ್ತದೆ.

ಚಿಕ್ಕ ಮಸೂರ

ಕ್ಯಾಮರಾದ ಮೇಲೆ ಕ್ಲಿಪ್ಪಿನಿಂದ ಕೂರಿಸುವ ಮ್ಯಾಕ್ರೋ ಮಸೂರ ರೈತರಿಗೆ ವಿಶೇಷವಾಗಿ ಉಪಯೋಗ. ಮೆಣಸಿನಕಾಯಿ ಬೆಳೆಯ ಎಲೆ ಮುಟುರನ್ನು ನೋಡಿ. ಥ್ರಿಪ್ಸ್ ನುಸಿ ಬಿದ್ದರೆ ಎಲೆಯ ಅಂಚು ಮೇಲಕ್ಕೆ ಮುದುಡುತ್ತದೆ. ಮೈಟ್ ನುಸಿ ಬಿದ್ದರೆ ಕೆಳಕ್ಕೆ. ಎರಡಕ್ಕೂ ಬೇರೆ ಬೇರೆ ಔಷಧಿ. ತಪ್ಪಾಗಿ ತಿಳಿದು ಸಿಂಪಡಿಸಿದರೆ ಹಣವೂ ಬೆಳೆಯೂ ನಷ್ಟ. ಎಲೆಯ ತಳಭಾಗವನ್ನು ಮಸೂರದಿಂದ ತೆಗೆದ ಚಿತ್ರವನ್ನು ಕೃಷಿ ಅಧಿಕಾರಿಗಳಿಗೆ ಕಳಿಸಿದರೆ ಸಲಹೆ ನಿಖರವಾಗುತ್ತದೆ. ಚಿತ್ರದೊಂದಿಗೆ ಇಡೀ ಗಿಡದ ಚಿತ್ರವೂ ಇರಲಿ. ಅಳತೆಗೆ ಪಕ್ಕದಲ್ಲಿ ನಾಣ್ಯವಿಡಿ. ಫೋನಿನಲ್ಲಿ ಹಲವು ಕ್ಯಾಮರಾಗಳಿದ್ದರೆ ಮುಖ್ಯ ಕ್ಯಾಮರಾ ಯಾವುದೆಂದು ಬೆರಳಿನಿಂದ ಮುಚ್ಚಿ ತಿಳಿದು, ಅದರ ಮೇಲೆಯೇ ಕೂರಿಸಿರಿ.

ವಾಹನದ ಹಿಡಿಕೆ ಮತ್ತು ಇಯರ್‌ಫೋನ್

ಮೋಟಾರ್ ಸೈಕಲಿನ ಕಂಪನದಿಂದ ಕ್ಯಾಮರಾ ಹಾಳಾಗಬಹುದೆಂದು ಆ್ಯಪಲ್ ಸಂಸ್ಥೆ 2021ರಲ್ಲಿ ತನ್ನ ಬಳಕೆದಾರರಿಗೆ ಎಚ್ಚರಿಕೆ ನೀಡಿತು. ಹಿಡಿಕೆ ಬೇಕಿದ್ದರೆ ಕಂಪನ ತಡೆಯುವಂಥದನ್ನು ಆರಿಸಿರಿ. ಟ್ರ್ಯಾಕ್ಟರ್ ಓಡಿಸುವಾಗ ಇಯರ್‌ಫೋನ್ ಬೇಡವೇ ಬೇಡ. ಹಿಂದೆ ನಿಂತವರ ಕೂಗು ಕೇಳಿಸದಿದ್ದರೆ ಪ್ರಾಣಕ್ಕೇ ಅಪಾಯ.

ಯಾವುದನ್ನು ಮೊದಲು ಕೊಳ್ಳಬೇಕು?

ಹಣ ಮಿತವಾಗಿದ್ದರೆ ಮೊದಲು ನೋಂದಣಿಯುಳ್ಳ ಚಾರ್ಜರ್ ಮತ್ತು ಕೇಬಲ್, ನಂತರ ಕವಚ ಮತ್ತು ಗಾಜು, ಆಮೇಲೆ ಪವರ್ ಬ್ಯಾಂಕ್. ತೋಟಗಾರಿಕೆ ಬೆಳೆ ಇರುವವರು ಮಸೂರವನ್ನೂ ಸೇರಿಸಿಕೊಳ್ಳಿ. ಉಳಿದವನ್ನು ಅಗತ್ಯ ಕಂಡಾಗ ಕೊಂಡರಾಯಿತು. ರಸೀದಿ ಪಡೆದು ಜೋಪಾನವಾಗಿಡಿ. ವಿಸ್ತರಣಾ ಕಾರ್ಯಕರ್ತರು ಗ್ರಾಮ ಸಭೆಗಳಲ್ಲಿ ನೋಂದಣಿ ಸಂಖ್ಯೆ ಪರೀಕ್ಷಿಸುವ ವಿಧಾನವನ್ನು ಒಮ್ಮೆ ಮಾಡಿ ತೋರಿಸಿದರೆ ಅನೇಕರಿಗೆ ಅನುಕೂಲವಾಗುತ್ತದೆ.